ಅಲಿ ಕುಂಞಿಯವರ ಒಂದು ಉತ್ತರ

ಕಲ್ಲುಗುಂಡಿ ಪೇಟೆಯವರಿಗೆ ಅಲಿ ಕುಂಞಿ ಎಂದರೆ ಬೆಳಿಗ್ಗೆ ಬೇಕರಿಯಿಂದ ಒಂದು ಕಟ್ಟು ರಸ್ಕ್ ತೆಗೆದುಕೊಂಡು, ಯಾರಲ್ಲೂ ಹೆಚ್ಚು ಮಾತಾಡದೆ ಮನೆಯ ಏರು ಹತ್ತುವ ಮನುಷ್ಯ. ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದವರು ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಯಾವ ಕೆಲಸದಲ್ಲಿದ್ದರು ಎಂದು ಕೇಳಿದರೆ "ಎಂತದೋ ಕಂಪ್ಯೂಟರ್ ಅಂತೆ" ಎನ್ನುವುದಕ್ಕಿಂತ ಹೆಚ್ಚು ಹೇಳುವವರು ಇರಲಿಲ್ಲ. ಆದರೆ ಬ್ರೆಜಿಲಿನಲ್ಲಿ, ಜೆಕ್ ದೇಶದಲ್ಲಿ, ಕೀನ್ಯಾದಲ್ಲಿ, ಫಿಲಿಪ್ಪೀನ್ಸಿನ ಯಾವುದೋ ದ್ವೀಪದಲ್ಲಿ ಅವರನ್ನು "ಅಲಿ ಸರ್" ಎಂದು ಕರೆಯುವವರಿದ್ದರು. ಅವರಲ್ಲಿ ಒಬ್ಬರೂ ಅವರ ಮುಖ ನೋಡಿದವರಲ್ಲ.

ಗಲ್ಫಿನ ದಮ್ಮಾಮಿನಲ್ಲಿ ಲಾರಿಗಳ ಬಿಡಿಭಾಗ ಮಾರುವ ಒಂದು ಕಂಪೆನಿಯ ಗೋದಾಮಿಗೆ ಅವರು ಹೋದದ್ದು ಸ್ಟೋರ್ ಕೀಪರ್ ಆಗಿ. ಕಂಪೆನಿಯ ದಾಸ್ತಾನಿನ ಲೆಕ್ಕವೆಲ್ಲ ಫಾಕ್ಸ್‌ಪ್ರೊ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಾಫ್ಟ್‌ವೇರಿನಲ್ಲಿತ್ತು. ಒಂದು ಕಾಲಕ್ಕೆ ಅಂಗಡಿ, ಆಸ್ಪತ್ರೆ, ಸೊಸೈಟಿ ಎಂದು ಎಲ್ಲೆಲ್ಲೂ ಇದ್ದ ಭಾಷೆ ಅದು. ಈಗ ಹೊಸಬರು ಯಾರೂ ಕಲಿಯುವುದಿಲ್ಲ. ಅದನ್ನು ಬರೆದಿದ್ದ ಸುಡಾನಿನವ ಕೆಲಸ ಬಿಟ್ಟು ಊರಿಗೆ ಹೋದ. ಅವನು ಹೋದ ಸ್ವಲ್ಪ ದಿನಕ್ಕೇ ಸಾಫ್ಟ್‌ವೇರ್ ನಿಂತಿತು. ಮ್ಯಾನೇಜರ್ ಅಲಿ ಕುಂಞಿಯನ್ನು ಕರೆದು, "ನೀನು ದಿನಾ ಇದರ ಎದುರೇ ಕೂರುತ್ತೀಯಲ್ಲ, ಸರಿ ಮಾಡು. ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ" ಎಂದ.

ಅಲಿ ಕುಂಞಿ ಓದಿದ್ದು ಪಿಯುಸಿವರೆಗೆ. ಏನು ಮಾಡಬೇಕೆಂದು ತೋಚದೆ ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಹೋದಾಗ ಒಂದು ಫೋರಂ ಸಿಕ್ಕಿತು. ಫಾಕ್ಸ್‌ಪ್ರೊದಲ್ಲಿ ಕೆಲಸ ಮಾಡುವ ಜನ ತಮ್ಮ ತಮ್ಮ ತೊಡಕುಗಳನ್ನು ಬರೆದು, ಒಬ್ಬರಿಗೊಬ್ಬರು ಉತ್ತರ ಹೇಳಿಕೊಳ್ಳುವ ಜಾಗ ಅದು. ಅರೆಬರೆ ಇಂಗ್ಲಿಷಿನಲ್ಲಿ ತನ್ನ ಕಷ್ಟ ಬರೆದು ಹಾಕಿದರು. ಬ್ರೆಜಿಲಿನ ಯಾರೋ ಒಬ್ಬ, ಗುರುತು ಪರಿಚಯ ಇಲ್ಲದವ, ಪಕ್ಕದಲ್ಲಿ ಕೂತವನ ಹಾಗೆ ಒಂದೊಂದನ್ನೇ ಹೇಳಿಕೊಟ್ಟ. ಸಾಫ್ಟ್‌ವೇರ್ ಎದ್ದು ನಿಂತಿತು. ಕೆಲಸ ಉಳಿಯಿತು.

"ಅವನಿಗೆ ನನ್ನಿಂದ ಎಂತ ಆಗ್ಬೇಕಿತ್ತು ಹೇಳು? ಎಂತದೂ ಇಲ್ಲ. ಆದ್ರೂ ಬರೆದ" ಎಂದು ಅವರು ಮಗಳು ಅಮೀರಾಳಿಗೆ ಎಷ್ಟೋ ಸಲ ಹೇಳಿದ್ದರು.

ಮುಂದೆ ಆ ಕಂಪೆನಿಯಲ್ಲಿ ಅವರು ಪ್ರೋಗ್ರಾಮರೇ ಆದರು. ಫೋರಂನಲ್ಲಿ ಕೇಳುವವರಾಗಿದ್ದವರು ನಿಧಾನಕ್ಕೆ ಹೇಳುವವರಾದರು. ಕಂಪೆನಿ ಹೊಸ ಸಾಫ್ಟ್‌ವೇರ್ ತಂದು ಇವರನ್ನು ಊರಿಗೆ ಕಳಿಸಿದ ಮೇಲೂ ಅದು ಮಾತ್ರ ನಿಲ್ಲಲಿಲ್ಲ. ಕಲ್ಲುಗುಂಡಿಯ ಮನೆಯ ಚಿಕ್ಕ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ಬೆಳಗಿನ ಜಾವದ ಸುಬಹಿ ನಮಾಜ್ ಮುಗಿಸಿ ಬಂದವರೇ ಅದರೆದುರು ಕೂರುತ್ತಿದ್ದರು. ಹೊಸ ವಿಂಡೋಸ್ ಹಾಕಿದ ಮೇಲೆ ನನ್ನ ಹಳೆ ಪ್ರೋಗ್ರಾಂ ಓಡುವುದಿಲ್ಲ, ಏನು ಮಾಡಲಿ? ಪ್ರಿಂಟರಿನಲ್ಲಿ ಅರ್ಧ ಬಿಲ್ಲು ಮಾತ್ರ ಬರುತ್ತದೆ. ತಾರೀಖು ಹಾಕಿದರೆ ನೂರು ವರ್ಷ ಹಿಂದಿನದು ತೋರಿಸುತ್ತದೆ. ಇಂಥವೇ ಪ್ರಶ್ನೆಗಳು. ಯಾರದೋ ಮೆಡಿಕಲ್ ಅಂಗಡಿ, ಯಾರದೋ ಶಾಲೆ. ಅಲಿ ಕುಂಞಿ ಎಲ್ಲದಕ್ಕೂ ಮೊದಲ ಸಾಲಾಗಿ, "ಸಹೋದರ, ಮೊದಲು ನಿನ್ನ ಫೈಲಿನ ಒಂದು ಪ್ರತಿ ಮಾಡಿ ಬೇರೆ ಕಡೆ ಇಡು" ಎಂದು ಬರೆದು, ಮತ್ತೆ ಉತ್ತರಕ್ಕೆ ಹೋಗುತ್ತಿದ್ದರು. ಅವರ ಹೆಂಡತಿ ನೆಬೀಸ ಚಾಯ ತಂದಿಟ್ಟರೆ ಅದು ತಣ್ಣಗಾಗುವುದು ರೂಢಿ.

ಮರೆವು ಶುರುವಾದದ್ದು ಸಣ್ಣದರಲ್ಲಿ. ಬೇಕರಿಗೆ ಹೋಗಿ ರಸ್ಕ್ ತಂದವರು ಮತ್ತೊಮ್ಮೆ ಹೋಗಿ ರಸ್ಕ್ ತಂದರು. ಮಸೀದಿಯಲ್ಲಿ ನಮಾಜಿನ ಎಷ್ಟನೇ ಸುತ್ತು, ಎಷ್ಟನೇ ರಕಅತ್ ಎಂದು ತಪ್ಪಿ, ಎಲ್ಲರೂ ಕೂತಾಗ ಇವರು ಎದ್ದು ನಿಂತರು. ನೆಬೀಸರ ತಂಗಿ ಸುಹರಾ ಬೆಟ್ಟಂಪಾಡಿಯಿಂದ ಬಂದಾಗ, ಊಟವಾದ ಮೇಲೆ ಅಲಿ ಕುಂಞಿ ನೆಬೀಸರನ್ನು ಒಳಗೆ ಕರೆದು "ಇವರು ಯಾವ ಕಡೆಯವರು?" ಎಂದು ಕೇಳಿದರು. ಆಗ ಅಮೀರಾ ಪುತ್ತೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಸ್ಕ್ಯಾನಿಂಗ್ ನೋಡಿ, ಇದು ಮರೆವಿನ ಕಾಯಿಲೆ, ಹಿಂದಕ್ಕೆ ಬರುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು ಎಂದರು. ಗ್ಯಾಸ್ ಒಲೆಯ ಹತ್ತಿರ ಬಿಡಬೇಡಿ, ಒಬ್ಬರನ್ನೇ ಪೇಟೆಗೆ ಕಳಿಸಬೇಡಿ ಎಂದರು.

"ಕಂಪ್ಯೂಟರ್ ಒತ್ತುದು ಉಂಟು ಡಾಕ್ಟ್ರೇ, ಬೆಳಗ್ಗೆ ಬೆಳಗ್ಗೆ. ಅದು ಬೇಡ ಹೇಳುದಾ?" ಎಂದು ನೆಬೀಸ ಕೇಳಿದರು.

"ಯಾಕೆ ಬೇಡ? ಮಾಡ್ಲಿ. ತಲೆಗೆ ಕೆಲಸ ಇದ್ದಷ್ಟು ಒಳ್ಳೇದು."

ಮನೆಯವರಿಗೂ ಹಾಗೆಯೇ ಅನ್ನಿಸಿತ್ತು. ನಾದಿನಿಯ ಗುರುತು ಹೋಗಿದ್ದರೂ ಫಾಕ್ಸ್‌ಪ್ರೊ ಹೋಗಿರಲಿಲ್ಲ. ಸುಳ್ಯದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದ ಅಮೀರಾ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಬಾಗಿಲಿನಿಂದ ಇಣುಕಿದರೆ, ಅವಳು ಉಪ್ಪ ಎಂದು ಕರೆಯುವ ಅಪ್ಪನ ಬೆರಳುಗಳು ಮೊದಲಿನಂತೆಯೇ ಕೀಲಿಮಣೆಯ ಮೇಲೆ ಓಡುತ್ತಿದ್ದವು. ಆ ಕೋಣೆಯೊಳಗಿರುವಷ್ಟು ಹೊತ್ತು ಅವರು ಹಳೆಯ ಅಲಿ ಕುಂಞಿಯೇ ಎಂದು ಅವಳು ನಂಬಿದಳು. ಹಾಗಾಗಿ ಅಲ್ಲಿ ಏನು ಬರೆಯುತ್ತಿದ್ದಾರೆ ಎಂದು ಯಾರೂ ನೋಡಲಿಲ್ಲ.

ಕೀನ್ಯಾದ ಕಿಸುಮು ಎಂಬ ಊರಿನಲ್ಲಿ ಎಡ್ವಿನ್ ಎಂಬವನಿದ್ದ. ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳ ವಿವರ ಇಡುವ ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವನ ಕೆಲಸ. ಅದನ್ನು ಬರೆದವರು ತೀರಿಹೋಗಿದ್ದರು; ಎಡ್ವಿನ್ ಏನೂ ಗೊತ್ತಿಲ್ಲದೆ ಅದರೆದುರು ಕೂತವ. ದಮ್ಮಾಮಿನಲ್ಲಿ ಅಲಿ ಕುಂಞಿ ಕೂತಿದ್ದ ಹಾಗೆಯೇ. ಎರಡು ವರ್ಷದಿಂದ ಅವನ ಪ್ರಶ್ನೆಗಳಿಗೆಲ್ಲ ಅಲಿ ಕುಂಞಿಯೇ ಉತ್ತರ. ಬೇರೆಯವರು ಏನಾದರೂ ಹೇಳಿದರೂ ಅವನು "ಅಲಿ ಸರ್ ಏನು ಹೇಳುತ್ತಾರೆ ನೋಡೋಣ" ಎಂದು ಬರೆಯುತ್ತಿದ್ದ.

ಒಂದು ದಿನ ಅವನು ಕೇಳಿದ ಪ್ರಶ್ನೆ ಸುಲಭದ್ದು. ಫಾಕ್ಸ್‌ಪ್ರೊದಲ್ಲಿ ಒಂದು ವಿವರ ಬೇಡವೆಂದು ಅಳಿಸಿದರೆ ಅದು ನಿಜವಾಗಿ ಹೋಗುವುದಿಲ್ಲ, ಬೇಡ ಎಂಬ ಗುರುತು ಮಾತ್ರ ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಸೇರಿ ಫೈಲು ದಪ್ಪವಾಗಿ ಎಲ್ಲ ನಿಧಾನವಾಗಿತ್ತು. ಗುರುತು ಬಿದ್ದವನ್ನು ಪೂರ್ತಿ ತೆಗೆದುಹಾಕುವುದು ಹೇಗೆ ಎಂದು ಅವನು ಕೇಳಿದ. ಅದಕ್ಕಿರುವ ಆಜ್ಞೆ 'ಪ್ಯಾಕ್'. ಇನ್ನೊಂದು ಆಜ್ಞೆ ಉಂಟು, 'ಝ್ಯಾಪ್'. ಅದು ಗುರುತು ಇದ್ದದ್ದು ಇಲ್ಲದ್ದು ಎಂದು ನೋಡುವುದಿಲ್ಲ, ಫೈಲಿನಲ್ಲಿರುವುದನ್ನೆಲ್ಲ ಒರೆಸಿಹಾಕುತ್ತದೆ.

ಅಲಿ ಕುಂಞಿ ಎರಡೇ ಸಾಲು ಬರೆದರು. ಫೈಲನ್ನು ಬೇರೆ ಯಾರೂ ಬಳಸದ ಹಾಗೆ ತೆರೆ. ಝ್ಯಾಪ್ ಎಂದು ಒತ್ತು.

ಪ್ರತಿ ಮಾಡಿ ಇಡು ಎಂಬ ಮಾತು ಆ ದಿನ ಅವರ ಉತ್ತರದಲ್ಲಿ ಇರಲಿಲ್ಲ.

ಎಡ್ವಿನ್ ಒತ್ತಿದ. 'ಖಚಿತವೇ?' ಎಂದು ಪರದೆ ಕೇಳಿತು. ಅಲಿ ಸರ್ ಹೇಳಿದ್ದಲ್ಲವೇ ಎಂದು ಹೌದು ಎಂದ. ಆ ಆಸ್ಪತ್ರೆಗೆ ಬಂದು ಹೋದ ಅಷ್ಟೂ ಜನರ ಹೆಸರು, ರಕ್ತದ ಗುಂಪು, ಯಾವ ಔಷಧ ಆಗುವುದಿಲ್ಲ ಎಂಬ ಸೂಚನೆ, ಹೆರಿಗೆಯ ವಿವರ, ಎಲ್ಲವೂ ಹೋಯಿತು. ಫೋರಂ ನೋಡಿಕೊಳ್ಳುತ್ತಿದ್ದ ಜೆಕ್ ದೇಶದ ತೊಮಾಶ್ ಎಂಬ ಹಿರಿಯ ಪ್ರೋಗ್ರಾಮರ್ ಕಳೆದದ್ದನ್ನು ಎತ್ತಲು ಏನೆಲ್ಲ ಮಾಡಬಹುದೋ ಹೇಳಿದ. ಅಷ್ಟರಲ್ಲಿ ಅದೇ ಡಿಸ್ಕಿನ ಮೇಲೆ ಹೊಸದು ಬರೆದಾಗಿತ್ತು. ಹಿಂದಿನವರು ಯಾವ ಕಾಲದಲ್ಲೋ ಮಾಡಿಟ್ಟ ಹಳೆ ಪ್ರತಿ ಒಂದೇ ಸಿಕ್ಕಿದ್ದು.

ಇದು ಕಲ್ಲುಗುಂಡಿಯ ಮನೆಯಲ್ಲಿ ಮೊದಲು ಗೊತ್ತಾದದ್ದು ಅಲಿ ಕುಂಞಿಗೇ. ಬೆಳಿಗ್ಗೆ ಫೋರಂ ತೆರೆದವರು ಆ ಪುಟವನ್ನು ಮೇಲಿಂದ ಕೆಳಗೆ ಓದಿದರು. ಮತ್ತೆ ಓದಿದರು. "ಅಮೀ, ಇಲ್ಲಿ ಬಾ" ಎಂದು ಕರೆದ ಧ್ವನಿ ಕೇಳಿ ಅಮೀರಾ ತಲೆ ಬಾಚುತ್ತಿದ್ದವಳು ಹಾಗೆಯೇ ಓಡಿ ಬಂದಳು.

"ಇದು ನಾನು ಬರೆದದ್ದಾ ನೋಡು."

ಅವಳು ನೋಡಿದಳು. ಹೆಸರು ಅವರದ್ದೇ.

"ಹೌದು ಉಪ್ಪ. ಎಂತ ಆಯ್ತು?"

"ಒಂದು ಆಸ್ಪತ್ರೆ ಖಾಲಿ ಮಾಡಿದೆ ನಾನು" ಎಂದರು. ಆ ದಿನ ಮಧ್ಯಾಹ್ನದವರೆಗೂ ಕೂತು ಎಡ್ವಿನ್‌ಗೆ ಕ್ಷಮೆ ಕೇಳಿ ಬರೆದರು. ಎಡ್ವಿನ್ ಸಂಜೆಗೇ ಉತ್ತರ ಬರೆದ. ತಪ್ಪು ನನ್ನದು ಸರ್, ಪ್ರತಿ ಮಾಡಿಡಬೇಕು ಎಂದು ನೀವೇ ಎಷ್ಟು ಸಲ ಕಲಿಸಿದ್ದಿರಿ, ಬೇಸರ ಮಾಡಿಕೊಳ್ಳಬೇಡಿ ಎಂದಿದ್ದ. ಅಲಿ ಕುಂಞಿ ಅದನ್ನು ಓದಿ, ನಮಾಜಿನ ಚಾಪೆಯ ಮೇಲೆ ಬಹಳ ಹೊತ್ತು ತಲೆಯೆತ್ತದೆ ಇದ್ದರು.

ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಆ ವಾರವೇ ಇನ್ನೊಂದು ಬೆಳಿಗ್ಗೆ "ಅಮೀ, ಇಲ್ಲಿ ಬಾ" ಎಂಬ ಕೂಗು ಕೇಳಿತು. ಅದೇ ಧ್ವನಿ. ಅಮೀರಾ ಹೋಗಿ ನೋಡಿದರೆ ಅದೇ ಪುಟ ತೆರೆದಿತ್ತು.

"ಇದು ನಾನು ಬರೆದದ್ದಾ ನೋಡು."

ಅವರಿಗೆ ಅದು ಆಗಷ್ಟೇ ಗೊತ್ತಾದ ಸುದ್ದಿ. ಮೊದಲ ದಿನದ ಅದೇ ಗಾಬರಿ. "ಉಪ್ಪ, ನೀವು ಆಗಲೇ ಬರೆದಾಗಿದೆ ಅವನಿಗೆ. ಅವನು ಬೇಜಾರಿಲ್ಲ ಹೇಳಿದ್ದಾನೆ, ಇಲ್ಲಿ ನೋಡಿ" ಎಂದು ತೋರಿಸಿದಳು. ಅವರು ನೋಡಿದರು, ತಲೆ ಆಡಿಸಿದರು, ಅವಳು ಬಸ್ಸಿಗೆ ಹೋದ ಮೇಲೆ ಎಡ್ವಿನ್‌ಗೆ ಮತ್ತೊಮ್ಮೆ ಬರೆದರು. ಆಮೇಲೆ ಮತ್ತೊಮ್ಮೆ. ಪ್ರತಿ ಸಲವೂ ಮೊದಲ ಸಲ ಬರೆಯುವವರಂತೆ, ಹೊಸ ಮಾತುಗಳಲ್ಲಿ. ಎಡ್ವಿನ್ ಮೊದಮೊದಲು ಸಮಾಧಾನದ ಉತ್ತರ ಕೊಟ್ಟ. ಆಮೇಲೆ ಒಂದೇ ಸಾಲು ಬರೆಯತೊಡಗಿದ. ಕೊನೆಗೆ ಬಂದದ್ದು ಹೀಗಿತ್ತು: "ಸರ್, ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ನಿಮ್ಮ ಕ್ಷಮೆಯನ್ನು ಓದಿದಾಗಲೆಲ್ಲ ಆ ದಿನ ಮತ್ತೆ ಎದುರು ಬರುತ್ತದೆ. ದಯವಿಟ್ಟು ಇನ್ನು ಬರೆಯಬೇಡಿ."

ಈಗ ಅಲಿ ಕುಂಞಿಗೆ ಬೆಳಿಗ್ಗೆ ಬೆಳಿಗ್ಗೆ ಎರಡು ಸುದ್ದಿ. ತನ್ನಿಂದ ಆಸ್ಪತ್ರೆಯ ವಿವರ ಹೋಯಿತು. ತನ್ನಿಂದ ಒಬ್ಬನ ಕೆಲಸ ಹೋಯಿತು.

ಕಂಪ್ಯೂಟರ್ ತೆಗೆದಿಡುವ ಎಂದು ನೆಬೀಸ ಹೇಳಿದರು. ಒಂದು ದಿನ ತೆಗೆದೂ ಇಟ್ಟರು. ಅಲಿ ಕುಂಞಿ ಆ ಕೋಣೆಗೆ ಹೋಗಿ ಖಾಲಿ ಮೇಜಿನೆದುರು ನಿಂತು, ಯಾರಾದರೂ ಸತ್ತ ಮನೆಯಲ್ಲಿ ಅಳುವ ಹಾಗೆ ಅತ್ತರು. ಮತ್ತೆ ತಂದಿಟ್ಟರು. ಬೇರೆ ದಾರಿ ಕಾಣದೆ ಅಮೀರಾ ತೊಮಾಶ್‌ಗೆ ಬರೆದಳು. ಉಪ್ಪನ ಕಾಯಿಲೆಯ ಹೆಸರು ಹೇಳಿ, ಆ ಪುಟವನ್ನು ಫೋರಂನಿಂದ ತೆಗೆದುಬಿಡಲು ಆಗುತ್ತದಾ ಎಂದು ಕೇಳಿದಳು. ತೊಮಾಶ್‌ನ ಉತ್ತರ ಬಂತು. ನಿನ್ನ ತಂದೆಯನ್ನು ಇಷ್ಟು ವರ್ಷದಿಂದ ಬಲ್ಲೆ, ಮನೆಯಲ್ಲಿ ಮಗಳಿದ್ದಾಳೆಂದು ಇವತ್ತು ಗೊತ್ತಾಯಿತು ಎಂದು ಬರೆದಿದ್ದ. ಆ ಪುಟವನ್ನು ಅವನು ಪೂರ್ತಿ ಅಳಿಸಿದ. ಇನ್ನು ಮುಂದೆ ಅಲಿ ಕುಂಞಿ ಬರೆದದ್ದು ಅವರ ಪರದೆಯಲ್ಲಿ ಮಾತ್ರ ಕಾಣುವ ಹಾಗೆ, ಬೇರೆ ಯಾರಿಗೂ ಕಾಣದ ಹಾಗೆ ಮಾಡಿದ. ನಾನು ಮಾಡುತ್ತಿರುವುದು ಮೋಸ, ಆದರೆ ಇನ್ನೊಬ್ಬ ಎಡ್ವಿನ್ ಆಗಬಾರದಲ್ಲ ಎಂದೂ ಬರೆದ.

ಅಮೀರಾ ಉಸಿರು ಬಿಟ್ಟಳು. ಕೆಲವು ದಿನ ಬೆಳಗಿನ ಕೂಗು ಕೇಳಲಿಲ್ಲ.

ಆಮೇಲೆ ಶುರುವಾದದ್ದು ಅವಳು ಎಣಿಸದೆ ಇದ್ದದ್ದು. ಆ ಪುಟ ಹೋಗಿತ್ತು, ಎಡ್ವಿನ್‌ನ ಹೆಸರು ಹೋಗಿತ್ತು, ಝ್ಯಾಪ್ ಎಂದು ಬರೆದದ್ದೂ ಹೋಗಿತ್ತು. ತಾನು ಯಾರಿಗೋ ದೊಡ್ಡದೊಂದು ತಪ್ಪು ಮಾಡಿದ್ದೇನೆ ಎಂಬುದು ಮಾತ್ರ ಹೋಗಲಿಲ್ಲ. ಅಷ್ಟು ಸಲ ಹೊಸದಾಗಿ ಅನುಭವಿಸಿದ್ದು ಎಲ್ಲೋ ಒಳಗೆ ಕೂತುಬಿಟ್ಟಿತ್ತು. ಯಾರಿಗೆ, ಏನು ಎಂದು ಗೊತ್ತಿಲ್ಲದೆ ಅವರು ಫೋರಂ ತುಂಬ ಹುಡುಕಿದರು. ಅಲ್ಲಿ ಸಿಗದಾಗ ಎದುರಿಗೆ ಸಿಕ್ಕಿದವರನ್ನೆಲ್ಲ ಕೇಳತೊಡಗಿದರು.

ಬಸ್ ಸ್ಟ್ಯಾಂಡಿನ ಹತ್ತಿರ ಅಕ್ಕಿಬೇಳೆಯ ಜೀನಸಿನ ಅಂಗಡಿ ಇಟ್ಟಿದ್ದ ಗುರುವಪ್ಪ ಗೌಡರ ಎದುರು ಒಂದು ದಿನ, ಮನೆಯವರ ಕಣ್ಣು ತಪ್ಪಿಸಿ ಪೇಟೆಗಿಳಿದು, ಕೈ ಮುಗಿದು ನಿಂತರು.

"ನಿಮಗೆ ನಾನು ಎಂತಾದ್ರೂ ಅನ್ಯಾಯ ಮಾಡಿದ್ದು ಉಂಟಾ ಗೌಡ್ರೇ? ಇದ್ರೆ ಮನ್ನಿಸ್ಬೇಕು."

ಗುರುವಪ್ಪ ಗಾಬರಿಯಾದರು. "ಎಂತ ಮಾರಾಯ್ರೆ ನೀವು! ನೀವು ನನಗೆ ಎಂತ ಅನ್ಯಾಯ ಮಾಡುದು? ಬನ್ನಿ, ಕೂತ್ಕೊಳ್ಳಿ" ಎಂದು ಸ್ಟೂಲ್ ಕೊಟ್ಟರು. ಸಂಜೆ ಅಮೀರಾ ಬಸ್ಸಿಳಿದಾಗ ಅವಳನ್ನು ಬದಿಗೆ ಕರೆದು, "ಉಪ್ಪನಿಗೆ ಮನಸ್ಸಿಗೆ ಎಂತದೋ ಹತ್ತಿದೆ ಮಗಾ, ನೋಡಿಕೊಳ್ಳಿ" ಎಂದರು. ಮರುದಿನ ಅಲಿ ಕುಂಞಿ ಅದೇ ಅಂಗಡಿಗೆ ಬಂದು ಅದೇ ಮಾತು ಕೇಳಿದರು. ಬೇಕರಿಯವನನ್ನು ಕೇಳಿದರು. ಮಸೀದಿಯ ಉಸ್ತಾದರನ್ನು ಕೇಳಿದರು. ಪೇಟೆಯವರಿಗೆ ರೂಢಿಯಾಯಿತು. "ಎಂತ ಇಲ್ಲ ಅಲಿಚ್ಚ, ಎಲ್ಲ ಸರಿ ಉಂಟು" ಎಂದು ಹೇಳಿ ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಆ ಉತ್ತರ ಕೇಳಿದಾಗಲೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು. ಇವನೂ ಅಲ್ಲ, ಹಾಗಾದರೆ ಇನ್ಯಾರು?

ಒಮ್ಮೆ ನೆಬೀಸ ಬಟ್ಟೆ ಒಣಗಿಸಲು ಹೋದಾಗ ಅವರು ಇಳಿದುಹೋಗಿ ಸುಳ್ಯದ ಬಸ್ಸು ಹತ್ತಿದರು. ಅರಂತೋಡಿನಲ್ಲಿ ಇಳಿದು, ರಸ್ತೆ ಬದಿಯಲ್ಲಿ ಮೀನು ಮಾರುವ ಮೂಸಕುಂಞಿಯ ಕೈ ಹಿಡಿದು ಕ್ಷಮೆ ಕೇಳುತ್ತ ನಿಂತಿದ್ದರು. ಮೂಸಕುಂಞಿಗೆ ಇವರ ಗುರುತಿಲ್ಲ. ಅವರ ಜೇಬಿನಲ್ಲಿ ಅಮೀರಾ ಬರೆದಿಟ್ಟಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿದ. ಅಮೀರಾ ಆಫೀಸಿನಿಂದ ಅರ್ಧದಲ್ಲಿ ಹೊರಟು ಬಂದು ಕರೆದುಕೊಂಡು ಹೋದಳು.

ಆ ವಾರ ಅವಳು ಎಡ್ವಿನ್‌ಗೆ ತಾನೇ ಬರೆದಳು. ಉಪ್ಪನ ಸ್ಥಿತಿ ಎಲ್ಲ ತಿಳಿಸಿ, ಒಂದು ಸಲ ಫೋನಿನಲ್ಲಿ ಮಾತಾಡಿ ಮನ್ನಿಸಿದ್ದೇನೆ ಎಂದು ಹೇಳುವಿರಾ, ಬಹುಶಃ ಧ್ವನಿ ಕೇಳಿದರೆ ಅವರ ಮನಸ್ಸು ಹಗುರಾದೀತು ಎಂದು ಕೇಳಿಕೊಂಡಳು. ಬಹಳ ದಿನದ ಮೇಲೆ ಉತ್ತರ ಬಂತು. ಅವನು ಈಗ ಅಣ್ಣನ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾನೆ. ನಿಮ್ಮ ತಂದೆಯ ವಿಷಯ ಕೇಳಿ ದುಃಖವಾಯಿತು. ಆದರೆ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ಆಗದ ಔಷಧ ಕೊಟ್ಟು ತುಂಬ ಕಷ್ಟವಾಯಿತು, ವಿವರ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಅವಳ ಪರವಾಗಿ ಮನ್ನಿಸಲು ನಾನು ಯಾರು? ನನ್ನ ಬಾಯಿಂದ ಆ ಮಾತು ಬರುವುದಿಲ್ಲ, ನನ್ನನ್ನು ಕ್ಷಮಿಸಿ. ಅಷ್ಟೇ ಬರೆದಿದ್ದ. ಅಮೀರಾ ಅದನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ನೆಬೀಸರಿಗೆ ದಿನಕ್ಕೆ ಎಷ್ಟೋ ಸಲ ಅದೇ ಪ್ರಶ್ನೆ. "ನಿನಗೆ ನಾನು ಎಂತಾದ್ರೂ ತಪ್ಪು ಮಾಡಿದ್ದೇನಾ?" ಅವರು ಪ್ರತಿ ಸಲ "ಇಲ್ಲ, ಚಾಯ ಕುಡೀರಿ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತಿದ್ದಾಗ ಮತ್ತೆ ಕೇಳಿದರು. ಹೌದು ಎಂದರಾದರೂ ಇವರಿಗೆ ನೆಮ್ಮದಿ ಸಿಗುತ್ತದೋ ಏನೋ ಎಂದು ನೆಬೀಸರಿಗೆ ಅನ್ನಿಸಿತು.

"ಹೌದು. ನೀವು ಹುಡುಕುದು ನನ್ನನ್ನೇ. ನನಗೇ ಮಾಡಿದ್ದು. ನಾನು ಅದನ್ನು ಯಾವಾಗಲೋ ಮನ್ನಿಸಿ ಆಗಿದೆ. ಇನ್ನು ಯಾರನ್ನೂ ಕೇಳ್ಬೇಡಿ."

ಅಲಿ ಕುಂಞಿಯ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಬೆಳಕು ಬಂತು. ಎದುರಿನ ಕುರ್ಚಿಯಲ್ಲಿ ಕೂತರು. ಚಾಯ ಪೂರ್ತಿ ಕುಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಎಂತ ಮಾಡಿದ್ದು ನಾನು?"

ನೆಬೀಸ ಅದನ್ನು ಯೋಚಿಸಿರಲಿಲ್ಲ. ಏನಾದರೂ ಸಣ್ಣದು ಹೇಳಿ ಮುಗಿಸುವ ಎಂದುಕೊಂಡರು. ಆದರೆ ಬಾಯಿಗೆ ಬಂದದ್ದು ಬೇರೆ.

"ಅಮೀರಾಳಿಗಿಂತ ಮೊದಲು ನಮಗೆ ಒಂದು ಮಗು ಹುಟ್ಟಿ ಹೋಯ್ತು. ಗಂಡು. ಆಗ ನೀವು ಬರ್ಲಿಲ್ಲ. ಫೋನಿನಲ್ಲಿ ರಜೆ ಸಿಗ್ಲಿಲ್ಲ ಹೇಳಿದ್ರಿ." ಮೊರದಲ್ಲಿದ್ದ ಅವರ ಬೆರಳು ನಿಂತಿತು. "ನೀವು ರಜೆ ಕೇಳಿದ್ದಾದ್ರೂ ಹೌದಾ? ಇಷ್ಟು ವರ್ಷ ನಾನು ಕೇಳ್ಬಾರ್ದು ಅಂತ ಇದ್ದೆ. ಕೇಳಿದ್ರಾ ನೀವು ರಜೆ?"

ಉತ್ತರ ಹೇಳಬೇಕು ಎಂದು ಅಲಿ ಕುಂಞಿ ಎಷ್ಟು ಕಷ್ಟಪಡುತ್ತಿದ್ದರು ಎನ್ನುವುದು ಹಣೆಯಲ್ಲಿ ಕಾಣುತ್ತಿತ್ತು.

"ನೆನಪಿಲ್ಲ ನೆಬೀಸ" ಎಂದರು. "ಮಗು ಇತ್ತಾ ನಮಗೆ?"

ನೆಬೀಸ ಮೊರ ಬದಿಗಿಟ್ಟು ಒಳಗೆ ಹೋದರು. ಅಡುಗೆ ಕೋಣೆಯ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅತ್ತರು. ಹೊರಗೆ ಅಲಿ ಕುಂಞಿಯೂ ಅಳುತ್ತಿದ್ದರು. ಆಗಷ್ಟೇ ಕೇಳಿದ ಮಗುವಿನ ಸಾವಿಗೆ. ಮರುದಿನ ಬೆಳಿಗ್ಗೆ ಅವರಿಗೆ ಅದು ಯಾವುದೂ ಇರಲಿಲ್ಲ. "ನಿನಗೆ ನಾನು ಎಂತಾದ್ರೂ ತಪ್ಪು ಮಾಡಿದ್ದೇನಾ?" ಎಂದು ಕೇಳಿದರು. ನೆಬೀಸ ಇಲ್ಲ ಎಂದರು. ಆಮೇಲೆ ಯಾವತ್ತೂ ಹೌದು ಎನ್ನಲಿಲ್ಲ. ಆದರೆ ಮಗುವಿನ ಮಾತು ಒಮ್ಮೆ ಹೊರಗೆ ಬಂದದ್ದು ಅವರೊಳಗೆ ಹಿಂದಕ್ಕೆ ಹೋಗಲಿಲ್ಲ. ಅಮೀರಾ ಎಷ್ಟೋ ಸಲ ನೋಡಿದ್ದಾಳೆ, ಉಮ್ಮ ಕೆಲಸದ ನಡುವೆ ಸುಮ್ಮನೆ ನಿಂತುಬಿಡುತ್ತಾರೆ.

ಈ ಮಳೆಗಾಲ ಕಳೆಯುವ ಹೊತ್ತಿಗೆ ಅಲಿ ಕುಂಞಿ ಕೇಳುವುದೂ ನಿಂತಿತು. ಸುಹರಾ ಬಂದಾಗ, "ಸದ್ಯ, ಆ ಚಿಂತೆ ಹೋಯ್ತಲ್ಲ ಅಕ್ಕ" ಎಂದಳು. ಚಿಂತೆ ಹೋಗಿರಲಿಲ್ಲ, ಮಾತು ಹೋಗಿತ್ತು. ಕಂಪ್ಯೂಟರಿನ ಎದುರು ಕೂರಿಸಿದರೆ ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಹಾಗೆಯೇ ಇರುತ್ತಾರೆ. ಹೆಚ್ಚು ಹೊತ್ತು ಅವರು ಇರುವುದು ಜಗಲಿಯ ಕುರ್ಚಿಯಲ್ಲಿ. ಕೆಳಗಿನ ದಾರಿಯಲ್ಲಿ ಯಾರಾದರೂ ನಡೆದು ಹೋಗುವುದು ಕಂಡರೆ ಕುರ್ಚಿಯ ಕೈ ಹಿಡಿದು ಅರ್ಧ ಏಳುತ್ತಾರೆ, ಬಾಯಿ ತೆರೆಯುತ್ತಾರೆ. ದಾರಿಹೋಕ ತಿರುವಿನಲ್ಲಿ ಮರೆಯಾಗುವ ತನಕ ಹಾಗೆಯೇ ಇದ್ದು, ಮತ್ತೆ ಕೂರುತ್ತಾರೆ.